ಗೋಪುರದ ಮೇಲೆ ಕಹಳೆ, ಒಳಗೆ ಪಿಯಾನೋ: ಮಾರ್ಮನ್ನರ ಪ್ರಾರ್ಥನಾ ಸಂಗೀತದ ಕಥೆ

ದೇವರ ಮುಂದೆ ಯಾವ ವಾದ್ಯ ನುಡಿಸಬಹುದು, ಯಾವುದು ಕೂಡದು? ಈ ಪ್ರಶ್ನೆಗೆ ನಮ್ಮ ಗಡಿನಾಡಿನಲ್ಲಿ ಬೀದಿಗೊಂದು ಉತ್ತರ ಸಿಗುತ್ತದೆ. ಕಾಸರಗೋಡಿನ ಭಜನಾ ಮಂದಿರಗಳಲ್ಲಿ ತಾಳ, ಹಾರ್ಮೋನಿಯಂ, ತಬಲಾ. ಇನ್ನಷ್ಟು ತೆಂಕಕ್ಕೆ ಹೋದರೆ ಗರ್ಭಗುಡಿಯ ಮೆಟ್ಟಿಲ ಬಳಿ ಎಡಕ್ಕ ನುಡಿಸುತ್ತಾ ಹಾಡುವ ಸೋಪಾನ ಸಂಗೀತ. ಇಗರ್ಜಿಯೊಳಗೆ ಕೀಬೋರ್ಡ್, ಹಬ್ಬದ ಮೆರವಣಿಗೆಗೆ ಬ್ಯಾಂಡ್ ಸೆಟ್. ಮಸೀದಿಯ ನಮಾಜಿಗೆ ವಾದ್ಯವೇ ಇಲ್ಲ. ನಮ್ಮ ಮಕ್ಕಳು ಇವೆಲ್ಲವನ್ನೂ ಕೇಳಿಕೊಂಡೇ ಬೆಳೆಯುತ್ತಾರೆ. ಆದ್ದರಿಂದ ಇವೆಲ್ಲ ಅನಾದಿಯಿಂದಲೂ ಹೀಗೇ ಇದ್ದವು ಎಂದು ತಿಳಿಯುತ್ತಾರೆ. ಮಕ್ಕಳೇನು, ದೊಡ್ಡವರೂ ಹಾಗೇ ತಿಳಿಯುತ್ತಾರೆ!

ಹಾಗೇನಿಲ್ಲ, ಇಂಥ ಕಟ್ಟಳೆಗಳು ಹುಟ್ಟುವುದಕ್ಕೂ ಬದಲಾಗುವುದಕ್ಕೂ ಕಾಲ, ಕಾರಣ ಇರುತ್ತವೆ ಎಂದು ತೋರಿಸಲು ದೂರದ ಒಂದು ಉದಾಹರಣೆ ಒಳ್ಳೆಯದು. ಹತ್ತಿರದ್ದಾದರೆ ಜಗಳಕ್ಕೆ ಬರುವವರಿರುತ್ತಾರೆ. ಅಮೆರಿಕದ ಮಾರ್ಮನ್ನರ ಕಥೆಯನ್ನು ನಾವು ಆರಿಸಿಕೊಂಡದ್ದು ಅದಕ್ಕೇ. ಇವರ ಚರ್ಚಿಗೆ ಇನ್ನೂರು ವರ್ಷವೂ ತುಂಬಿಲ್ಲ. ಮೇಲಾಗಿ ಇವರು ದಿನಚರಿ ಬರೆಯುವ ಜನ. ಯಾವ ವಾದ್ಯ ಯಾವಾಗ ಬಂತು, ಯಾವಾಗ ಹೊರಗೆ ಹೋಯಿತು ಎಂಬುದಕ್ಕೆ ಬರಹದ ದಾಖಲೆ ಸಿಗುತ್ತದೆ.

ಮೊದಲು ಇವರು ಯಾರೆಂದು ಹೇಳಿಬಿಡೋಣ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕರ ತರುಣ ಸ್ಥಾಪಿಸಿದ ಪಂಥ ಇದು. ಬೈಬಲಿನ ಜೊತೆಗೆ 'ಬುಕ್ ಆಫ್ ಮಾರ್ಮನ್' ಎಂಬ ಇನ್ನೊಂದು ಗ್ರಂಥವನ್ನೂ ಇವರು ಪವಿತ್ರವೆಂದು ನಂಬುತ್ತಾರೆ. ಮಾರ್ಮನ್ನರೆಂಬ ಹೆಸರು ಬಂದದ್ದು ಅದರಿಂದಲೇ. ಚರ್ಚಿನ ನಿಜವಾದ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಅಡ್ಡಹೆಸರು ಬಿಟ್ಟು ಪೂರ್ಣ ಹೆಸರನ್ನೇ ಬಳಸಿರೆಂದು ಅದರ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡಿದ್ದಾರೆ. ಇಲ್ಲಿ ಓದುವವರ ಅನುಕೂಲಕ್ಕಾಗಿ ಮಾತ್ರ ನಾವು ಚಿಕ್ಕ ಹೆಸರನ್ನು ಬಳಸುತ್ತಿದ್ದೇವೆ. ಚರ್ಚಿನದೇ ಲೆಕ್ಕದಂತೆ ಇಂದು ಜಗತ್ತಿನಲ್ಲಿ 1.7 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ನಮಗೆ ಹತ್ತಿರದ ನಂಟೂ ಒಂದಿದೆ. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲಿ ಏಳಲಿದೆ ಎಂದು 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಅಲ್ಲಿ ಕೆಲಸಕ್ಕೆ ಗುದ್ದಲಿ ಪೂಜೆಯಂಥ ಶಾಸ್ತ್ರ ನಡೆಸಿದರು.

ಈ ಪಂಥದಲ್ಲಿ ಹಾಡು ಬಂದದ್ದು ಬಹಳ ಬೇಗ. ಚರ್ಚು ಹುಟ್ಟಿ ಮೂರೇ ತಿಂಗಳಿಗೆ, 1830ರ ಜುಲೈಯಲ್ಲಿ, ಸ್ಮಿತ್‌ನ ಹೆಂಡತಿ ಎಮ್ಮಾಳಿಗೆ ಸ್ತುತಿಗೀತೆಗಳನ್ನು ಆರಿಸಿ ಒಂದು ಸಂಗ್ರಹ ಮಾಡು ಎಂದು ದೈವವಾಣಿ ಆಯಿತೆಂದು ಇವರು ನಂಬುತ್ತಾರೆ. ಹೆಂಗಸರ ಕೈಗೆ ಇಂಥ ಕೆಲಸ ಕೊಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಪುಸ್ತಕ ಬರಲು ತಡವಾಯಿತು. ಮಿಸ್ಸೂರಿಯಲ್ಲಿದ್ದ ಇವರ ಅಚ್ಚುಕೂಟವನ್ನು 1833ರಲ್ಲಿ ದೊಂಬಿಕಾರರು ಹಾಳುಗೆಡವಿದರು. 1835ರ ಇಸವಿ ಹೊತ್ತು ಒಹಾಯೋದ ಕರ್ಟ್‌ಲೆಂಡಿನಲ್ಲಿ ಅಚ್ಚಾದ ಆ ಪುಸ್ತಕ ಅಂಗೈಯಗಲದ್ದು, 90 ಹಾಡುಗಳದ್ದು. ಅದರಲ್ಲಿ ಬರೀ ಸಾಹಿತ್ಯ, ಸ್ವರಲಿಪಿ ಇಲ್ಲ! ಗೊತ್ತಿದ್ದ ಯಾವುದಾದರೂ ಧಾಟಿಗೆ ಹಾಡನ್ನು ಕೂರಿಸಿಕೊಂಡು ಹಾಡಬೇಕು. ನಮ್ಮ ಭಜನೆ ಪುಸ್ತಕಗಳಲ್ಲಿ ಹಾಡಿನ ತಲೆಗೆ 'ಧಾಟಿ' ಎಂದು ಇನ್ನೊಂದು ಹಾಡಿನ ಹೆಸರು ಬರೆದಿರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ವಾದ್ಯದ ಪ್ರಶ್ನೆ ಆಗ ಏಳಲೇ ಇಲ್ಲ. ವಾದ್ಯ ಕೊಳ್ಳುವ ದುಡ್ಡು ಯಾರ ಹತ್ತಿರ ಇತ್ತು?

ದುಡ್ಡಿದ್ದರೂ ಮನಸ್ಸು ಅಷ್ಟು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಮೊದಲ ತಲೆಮಾರಿನ ಮಾರ್ಮನ್ನರಲ್ಲಿ ಬಹುಮಂದಿ ಅಮೆರಿಕದ ಈಶಾನ್ಯ ಭಾಗದ ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಮನೆತನಗಳಿಂದ ಬಂದವರು. ಆ ಪರಂಪರೆಯ ಬೇರು ಯೂರೋಪಿನಲ್ಲಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸುಧಾರಕ ಜ್ವಿಂಗ್ಲಿಯ ಕಾಲದಲ್ಲಿ, 1520ರ ದಶಕದಲ್ಲಿ, ಚರ್ಚುಗಳ ಆರ್ಗನ್‌ಗಳನ್ನೇ ಕಿತ್ತು ಹಾಕಿದ್ದರು. ಜ್ವಿಂಗ್ಲಿ ಸ್ವತಃ ಒಳ್ಳೆಯ ವಾದ್ಯಗಾರ, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿ 1644ರಲ್ಲಿ ಪಾರ್ಲಿಮೆಂಟೇ ಚರ್ಚಿನ ಆರ್ಗನ್‌ಗಳನ್ನು ತೆಗೆಯಲು ಆಜ್ಞೆ ಮಾಡಿತು. ಆರ್ಗನ್ ಪೋಪರ ಕಡೆಯ ವಾದ್ಯ, ಪಿಟೀಲು ಹೆಂಡದಂಗಡಿಯ ವಾದ್ಯ. ಎರಡೂ ಬೇಡ, ಬರಿಯ ಕಂಠ ಸಾಕು ಎಂಬುದು ಆ ಕಟ್ಟುನಿಟ್ಟಿನವರ ನಿಲುವು.

ಸ್ಮಿತ್‌ನ ನಂತರ ಮಾರ್ಮನ್ನರ ನಾಯಕನಾದ ಬ್ರಿಗಮ್ ಯಂಗ್ (1801–1877) ಇಂಥದೇ ಮನೆಯಲ್ಲಿ ಬೆಳೆದವನು. ಹನ್ನೊಂದು ವರ್ಷ ತುಂಬುವವರೆಗೆ ತಾನು ಪಿಟೀಲಿನ ದನಿಯನ್ನೇ ಕೇಳಿರಲಿಲ್ಲವೆಂದೂ, ಕೇಳಿದ ದಿನ ನಿಂತು ಆಲಿಸಿದರೆ ನರಕದ ದಾರಿ ಹಿಡಿದಂತೆಯೇ ಸರಿ ಎಂದು ಹೆದರಿದ್ದೆನೆಂದೂ 1853ರ ಒಂದು ಭಾಷಣದಲ್ಲಿ ಆತ ಹೇಳಿಕೊಂಡಿದ್ದಾನೆ. ಇದನ್ನು ಓದುವಾಗ ನಮಗೆ ನೆನಪಾಗುವುದು ಬಾಲುಸ್ವಾಮಿ ದೀಕ್ಷಿತರು. ಮುತ್ತುಸ್ವಾಮಿ ದೀಕ್ಷಿತರ ಈ ತಮ್ಮ ಯೂರೋಪಿಯನ್ನರಿಂದ ಅದೇ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸುತ್ತಿದ್ದದ್ದೂ ಹೆಚ್ಚು ಕಡಿಮೆ ಆ ಕಾಲದಲ್ಲೇ. ಅಲ್ಲಿ ಸೈತಾನನ ವಾದ್ಯವಾಗಿದ್ದದ್ದು ಇಲ್ಲಿ ದೇವರ ಉತ್ಸವದ ಕಛೇರಿಗೆ ಬಂದು ಕೂತಿತು. ಮರ ಅದೇ, ತಂತಿ ಅದೇ, ಕಮಾನೂ ಅದೇ.

ಹೆದರಿ ಬೆಳೆದ ಯಂಗ್ ಮುಂದೆ ಪೂರ್ತಿ ತಿರುಗಿಬಿಟ್ಟ. 1845ರ ಕೊನೆ, 1846ರ ಮೊದಲ ವಾರಗಳು. ಇಲಿನಾಯ್ ಸಂಸ್ಥಾನದ ನಾವೂ ಪಟ್ಟಣದಲ್ಲಿ ಮಾರ್ಮನ್ನರು ಇದ್ದಬದ್ದ ಹಣವೆಲ್ಲ ಸುರಿದು ಕಟ್ಟಿದ ದೇವಾಲಯ. ಹೊರಗೆ ಶತ್ರುಗಳು, ಊರು ಬಿಟ್ಟು ಹೋಗಲು ಗಡುವು. ಹೋಗುವುದರೊಳಗೆ ಸಾಧ್ಯವಾದಷ್ಟು ಜನರಿಗೆ ವಿಧಿಗಳನ್ನು ಪೂರೈಸಬೇಕೆಂದು ಹಗಲು ರಾತ್ರಿ ದುಡಿಯುತ್ತಿದ್ದರು. ಕೆಲಸ ಮುಗಿದ ಕೆಲವು ರಾತ್ರಿಗಳಲ್ಲಿ ಅದೇ ದೇವಾಲಯದೊಳಗೆ ಪಿಟೀಲು ಮತ್ತು ಕೊಳಲು ನುಡಿಸಿದರು. ಯಂಗ್ ಮೊದಲಾದ ಹಿರಿಯರೇ ಕುಣಿದರು. ಗುಮಾಸ್ತೆ ವಿಲಿಯಂ ಕ್ಲೇಟನ್ ಇದನ್ನು ದಿನಚರಿಯಲ್ಲಿ ಬರೆದಿಟ್ಟದ್ದರಿಂದ ನಮಗೆ ಗೊತ್ತು. ಇಂದಿನ ಮಾರ್ಮನ್ ದೇವಾಲಯದ ನಿಶ್ಶಬ್ದವನ್ನು ಬಲ್ಲವರಿಗೆ ಇದು ನಂಬಲಿಕ್ಕಾಗದ ಸಂಗತಿ.

ಆಮೇಲೆ ವಲಸೆ. 1846ರ ಫೆಬ್ರವರಿಯ ಚಳಿಯಲ್ಲಿ ಬಂಡಿಗಳು ಹೊರಟವು. ಗುಂಪಿನ ಜೊತೆಗೆ ವಿಲಿಯಂ ಪಿಟ್ ಎಂಬ ಇಂಗ್ಲಿಷಿನವನ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಇತ್ತು. ದಾರಿಯ ಅಯೋವಾ ಹಳ್ಳಿಗಳಲ್ಲಿ, ಮಾರ್ಮನ್ನರಲ್ಲದ ಜನರ ಮುಂದೆ, ಈ ಬ್ಯಾಂಡಿನವರು ಕಛೇರಿ ಕೊಟ್ಟು ದುಡ್ಡು, ದವಸ ಸಂಪಾದಿಸಿ ತಂದರು. ಹೊಟ್ಟೆಗೆ ಹಾಕಿದ ವಾದ್ಯ ಎಂದರೆ ತಪ್ಪಲ್ಲ. ಅದೇ ಏಪ್ರಿಲ್ 15ರಂದು ಕೆಸರು ದಾರಿಯ ಒಂದು ಬಿಡಾರದಲ್ಲಿ, ತನಗೆ ಗಂಡು ಮಗು ಹುಟ್ಟಿದ ಸುದ್ದಿ ಕೇಳಿದ ಕ್ಲೇಟನ್ ಆಗಲೇ ಪ್ರಚಾರದಲ್ಲಿದ್ದ ಒಂದು ಧಾಟಿಗೆ ಹೊಸ ಹಾಡು ಕಟ್ಟಿದ. 'ಕಮ್, ಕಮ್, ಯೀ ಸೇಂಟ್ಸ್' ಎಂಬ ಆ ಹಾಡನ್ನು ಮಾರ್ಮನ್ನರು ಇಂದಿಗೂ ತಮ್ಮ ಗುರುತೆಂಬಂತೆ ಹಾಡುತ್ತಾರೆ. 1847ರ ಜನವರಿಯಲ್ಲಿ ಯಂಗ್ ಪ್ರಕಟಿಸಿದ, ಈಗ ಅವರ ಪವಿತ್ರ ಗ್ರಂಥದಲ್ಲೇ ಸೇರಿರುವ ಪ್ರಯಾಣದ ಕಟ್ಟಳೆಗಳಲ್ಲಿ ಹಾಡು, ವಾದ್ಯ, ಕುಣಿತ ಮೂರರಿಂದಲೂ ದೇವರನ್ನು ಸ್ತುತಿಸಬಹುದು ಎಂದಿದೆ. ನೆಲೆ ತಪ್ಪಿದ ಜನಕ್ಕೆ ಎದೆಗುಂದದಂತೆ ಮಾಡಲು ಇದಕ್ಕಿಂತ ಅಗ್ಗದ ಮದ್ದು ಬೇರೆ ಇರಲಿಲ್ಲ. ಗಡಿ ದಾಟಿಸಲ್ಪಟ್ಟ ಭಾಷೆಯವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1847ರ ಜುಲೈಯಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಒಂದು ತಿಂಗಳೊಳಗೆ, ಆಗಸ್ಟ್ 22ರ ಸಭೆಯಲ್ಲಿ, ಸೊಪ್ಪಿನ ಚಪ್ಪರದ ಕೆಳಗೆ ಒಂದು ಗಾಯನ ವೃಂದ ಹಾಡಿತು. ಇಂದು ಜಗತ್ತಿಗೆಲ್ಲ ಗೊತ್ತಿರುವ ಟ್ಯಾಬರ್ನ್ಯಾಕಲ್ ಗಾಯನ ವೃಂದದ ಹುಟ್ಟು ಅದು. ಅಲ್ಲಿಂದ ಮುಂದಿನ ಕಥೆ ಆರ್ಗನ್ನಿನದು, ಅದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಜೋಸೆಫ್ ರಿಡ್ಜಸ್ ಇಂಗ್ಲೆಂಡಿನಲ್ಲಿ ಹುಟ್ಟಿ ಚಿನ್ನದ ಆಸೆಗೆ ಆಸ್ಟ್ರೇಲಿಯಕ್ಕೆ ಹೋದ ಬಡಗಿ. ಅಲ್ಲಿ ಮಾರ್ಮನ್ ಆದ, ತಾನೇ ಒಂದು ಚಿಕ್ಕ ಪೈಪ್ ಆರ್ಗನ್ ಮಾಡಿದ. ಅದನ್ನು ಬಿಚ್ಚಿ ಹಡಗಿಗೇರಿಸಿ, ಕ್ಯಾಲಿಫೋರ್ನಿಯದಿಂದ ಬಂಡಿಗಳಲ್ಲಿ ಮರುಭೂಮಿ ದಾಟಿಸಿ 1857ರಲ್ಲಿ ಸಾಲ್ಟ್ ಲೇಕಿಗೆ ತಂದ. ಇದು ನೋಡಿ ಯಂಗ್‌ಗೆ ಧೈರ್ಯ ಬಂತು. ಹೊಸದಾಗಿ ಕಟ್ಟುತ್ತಿದ್ದ, 250 ಅಡಿ ಉದ್ದ 150 ಅಡಿ ಅಗಲದ ಗುಮ್ಮಟದಂಥ ಸಭಾಭವನ ಟ್ಯಾಬರ್ನ್ಯಾಕಲ್‌ಗೆ ದೊಡ್ಡ ಆರ್ಗನ್ ಮಾಡುವ ಕೆಲಸ ರಿಡ್ಜಸ್‌ಗೆ ಬಂತು. ರೈಲು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1869ರಲ್ಲಿ. ಗಂಟಿಲ್ಲದ ಮರ ಸಿಗುವುದು ಸುಮಾರು 300 ಮೈಲಿ ದೂರದ ಪೈನ್ ವ್ಯಾಲಿಯಲ್ಲಿ. ಅಲ್ಲಿಂದ ಬಂಡಿಗಳಲ್ಲಿ ಹೊತ್ತು ತಂದರು. ಅಂಟಿಗಾಗಿ ರಾಶಿ ರಾಶಿ ದನದ ಚರ್ಮ ಕುದಿಸಿದರು ಎನ್ನುತ್ತಾರೆ. 1867ರ ಅಕ್ಟೋಬರಿನ ಸಭೆಗೆ ಸುಮಾರು 700 ಕೊಳವೆಗಳ ಆ ಆರ್ಗನ್ ನುಡಿಯಿತು. ತಿದಿಯೊತ್ತಲು ಆಳುಗಳು ಬೇಕಾಗಿತ್ತು. ಆಮೇಲೆ ನೀರಿನ ಬಲ, ಆಮೇಲೆ ವಿದ್ಯುತ್ತು. ಹಲವು ಸಲ ಮತ್ತೆ ಕಟ್ಟಿ, 1948ರ ದೊಡ್ಡ ನವೀಕರಣದ ನಂತರ ಈಗ ಅದರಲ್ಲಿ 11,623 ಕೊಳವೆಗಳಿವೆ.

ಜ್ವಿಂಗ್ಲಿಯ ಊರಲ್ಲಿ ಒಡೆಸಿಕೊಂಡ ವಾದ್ಯ ಇಲ್ಲಿ ಪಂಥದ ಹೆಮ್ಮೆಯೇ ಆಗಿಬಿಟ್ಟಿತು. ವೇಲ್ಸ್‌ನಿಂದ ಬಂದ ವಲಸಿಗರು ಗಾಯನ ವೃಂದಕ್ಕೆ ಕಂಠ ಕೊಟ್ಟರು. ಅವರಲ್ಲೊಬ್ಬನಾದ ಇವಾನ್ ಸ್ಟೀಫನ್ಸ್ 1890ರಿಂದ 1916ರವರೆಗೆ ಅದನ್ನು ನಡೆಸಿದ. 1893ರ ಶಿಕಾಗೋ ಜಾಗತಿಕ ಮೇಳದ ಸ್ಪರ್ಧೆಯಲ್ಲಿ ವೃಂದಕ್ಕೆ ಎರಡನೇ ಬಹುಮಾನ ಬಂತು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ, ಅದೇ ಸೆಪ್ಟೆಂಬರಿನಲ್ಲಿ! ಬಹುಪತ್ನಿತ್ವದ ಕಾರಣಕ್ಕೆ ಅಮೆರಿಕವೆಲ್ಲ ಹೀಗಳೆಯುತ್ತಿದ್ದ ಜನರನ್ನು ಮೊದಲ ಬಾರಿಗೆ ಚಪ್ಪಾಳೆಯಿಂದ ಸ್ವಾಗತಿಸಿದ್ದು ಈ ಹಾಡಿನ ಕಾರಣಕ್ಕೆ. 1929ರ ಜುಲೈ 15ರಂದು ಇವರ ಸಾಪ್ತಾಹಿಕ ರೇಡಿಯೋ ಕಾರ್ಯಕ್ರಮ ಶುರುವಾದಾಗ ಇದ್ದದ್ದು ಒಂದೇ ಮೈಕು. ಛಾವಣಿಯಿಂದ ತೂಗುಬಿಟ್ಟಿದ್ದ ಅದಕ್ಕೆ ಬಾಯಿ ಎಟುಕಲು ಉದ್ಘೋಷಕ ಹುಡುಗ ಏಣಿಯ ಮೇಲೆ ನಿಂತು ಮಾತಾಡಿದ. ಆ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ.

ಈ ಕೀರ್ತಿಯಿಂದ ಆದ ಪರಿಣಾಮವನ್ನು ಗಮನಿಸಬೇಕು. ಗಾಯನ ವೃಂದ ಮತ್ತು ಆರ್ಗನ್ ಎರಡೇ 'ನಮ್ಮ ಸಂಗೀತ' ಎಂಬ ಭಾವನೆ ಬೇರೂರಿತು. ಹಿತ್ತಾಳೆ ಬ್ಯಾಂಡುಗಳು ಜುಲೈ 24ರ ಪ್ರವರ್ತಕರ ದಿನದ ಮೆರವಣಿಗೆಗೆ ಹೋದವು. ಪಿಟೀಲು ಕುಣಿತದ ಕೋಣೆಗೆ ಹೋಯಿತು. ಅಂದರೆ ಭಾನುವಾರ ಒಂದು ಕಡೆ, ಉಳಿದ ಆರು ದಿನ ಇನ್ನೊಂದು ಕಡೆ. ಆರ್ಗನ್ ಕೊಳ್ಳಲಾಗದ ಚಿಕ್ಕ ಊರುಗಳು ಕಾಲಿನಿಂದ ತಿದಿಯೊತ್ತುವ ರೀಡ್ ಆರ್ಗನ್ ಇಟ್ಟುಕೊಂಡವು. ನಮ್ಮ ಹಳೆಯ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಅದೇ ವಂಶದ್ದು.

ಹಾರ್ಮೋನಿಯಂ ಎಂದ ಮೇಲೆ ಒಂದು ಮಾತು. ಪ್ಯಾರಿಸಿನ ಡೆಬೇನ್ 1840ರ ದಶಕದ ಆರಂಭದಲ್ಲಿ ಹಕ್ಕು ಪಡೆದ ಈ ಪೆಟ್ಟಿಗೆಯನ್ನು ಭಾರತೀಯ ಸಂಗೀತಕ್ಕೆ ತಕ್ಕದ್ದಲ್ಲವೆಂದು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಲ್ಲಿ ಹಾರ್ಮೋನಿಯಂ ಬಿಟ್ಟು ಹಳೆಯ ತಂತಿವಾದ್ಯಗಳಿಗೆ ಮರಳಬೇಕೆಂದು 2022ರಲ್ಲಿ ಅಕಾಲ್ ತಖ್ತ್ ಹೇಳಿತು. ಆದ್ದರಿಂದ ಮಾರ್ಮನ್ನರನ್ನು ನೋಡಿ ನಗುವ ಹಾಗಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಚರ್ಚು ದೊಡ್ಡದಾದಂತೆ ಕಟ್ಟಳೆಗಳು ಬರಹಕ್ಕೆ ಇಳಿದವು. 1920ರಲ್ಲಿ ಸಂಗೀತಕ್ಕೆಂದೇ ಒಂದು ಸಮಿತಿ ಆಯಿತು. ಇವರ ಭಾನುವಾರದ ಮುಖ್ಯ ಸಭೆಯಲ್ಲಿ ಪ್ರಭುಭೋಜನದ ರೊಟ್ಟಿ ಮತ್ತು ನೀರನ್ನು ಹಂಚುತ್ತಾರೆ, ದ್ರಾಕ್ಷಾರಸ ಇಲ್ಲ. ಹಂಚುವಾಗ ಹಿನ್ನೆಲೆಯಲ್ಲಿ ಮೆಲ್ಲನೆ ಆರ್ಗನ್ ನುಡಿಸುವ ರೂಢಿ ಹಲವೆಡೆ ಇತ್ತು. 1946ರಲ್ಲಿ ಅಧ್ಯಕ್ಷ ಮಂಡಳಿ ಅದನ್ನೂ ನಿಲ್ಲಿಸಿತು. ಆ ಹೊತ್ತಿನಲ್ಲಿ ಪೂರ್ಣ ಮೌನವೇ ಆದರ್ಶ ಎಂದಿತು. ಈಗಲೂ ಹಾಗೇ. ಮಕ್ಕಳ ಅಳು, ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ನಮಗೇನೋ ಈ ಕಟ್ಟಳೆ ಎಲ್ಲಕ್ಕಿಂತ ಹಿಡಿಸಿತು.

ವಾದ್ಯದ ಬಗ್ಗೆ ಸ್ಪಷ್ಟವಾಗಿ ಬರೆದದ್ದು ಚರ್ಚಿನ ಕೈಪಿಡಿಗಳಲ್ಲಿ. 2010ರ ಕೈಪಿಡಿಯ ಪ್ರಕಾರ ಆರ್ಗನ್, ಪಿಯಾನೋ ಅಥವಾ ಅವುಗಳ ಎಲೆಕ್ಟ್ರಾನಿಕ್ ರೂಪಗಳೇ ಸಭೆಯ ವಾದ್ಯಗಳು. ಬೇರೆಯದನ್ನು ಬಳಸಿದರೆ ಸಭೆಯ ಭಾವಕ್ಕೆ ಹೊಂದಬೇಕು. ಹಿತ್ತಾಳೆಯ ಊದುವ ವಾದ್ಯಗಳು ಮತ್ತು ಬಡಿಯುವ ವಾದ್ಯಗಳಲ್ಲಿ ಹೆಚ್ಚಿನವು ಎದ್ದು ಕೇಳುವಂಥವು, ಆರಾಧನೆಗೆ ಅಷ್ಟಾಗಿ ಒಗ್ಗದವು, ಆದ್ದರಿಂದ ಪ್ರಭುಭೋಜನದ ಸಭೆಗೆ ತಕ್ಕವಲ್ಲ. ಇದು ಅದರ ಸಾರ.

ಇದರಲ್ಲಿ ಒಂದು ತಮಾಷೆಯಿದೆ. ಸಾಲ್ಟ್ ಲೇಕ್ ದೇವಾಲಯದ ತುತ್ತತುದಿಯಲ್ಲಿ 1892ರಿಂದ ನಿಂತಿರುವ ದೇವದೂತನ ಚಿನ್ನದ ಮೆರುಗಿನ ವಿಗ್ರಹ ಕಹಳೆ ಊದುತ್ತಿದೆ! 2020ರ ಮಾರ್ಚ್ 18ರ ಭೂಕಂಪಕ್ಕೆ ಆ ಕಹಳೆ ಕೈಯಿಂದ ಕಳಚಿ ಬಿತ್ತು. ವಿಗ್ರಹವನ್ನು ಇಳಿಸಿ, ರಿಪೇರಿ ಮಾಡಿ 2024ರಲ್ಲಿ ಮತ್ತೆ ಏರಿಸಿದರು, ಕಹಳೆ ಸಮೇತ. ಬೈಬಲಿನ 150ನೇ ಕೀರ್ತನೆಯಲ್ಲೂ ಕೊಂಬು, ದಮ್ಮಡಿ, ತಾಳ, ಕುಣಿತ ಎಲ್ಲಕ್ಕೂ ಜಾಗವಿದೆ. ಎದ್ದು ಕೇಳುವ ವಾದ್ಯ ಬೇಡವೆಂದರೆ ಹನ್ನೊಂದು ಸಾವಿರ ಕೊಳವೆಯ ಆರ್ಗನ್ನಿಗಿಂತ ಎದ್ದು ಕೇಳುವುದು ಯಾವುದು? ಹೀಗಾಗಿ ಇದು ಗ್ರಂಥದ ನಿಯಮವೂ ಅಲ್ಲ, ಸದ್ದಿನ ಅಳತೆಯೂ ಅಲ್ಲ. ಯಾವ ವಾದ್ಯವನ್ನು ಕೇಳಿದರೆ ಯಾವ ಜಾಗ ನೆನಪಾಗುತ್ತದೆ ಎಂಬುದೇ ಇಲ್ಲಿನ ಅಳತೆಗೋಲು. ಅಮೆರಿಕದವನಿಗೆ ತುತ್ತೂರಿ ಕೇಳಿದರೆ ಮೆರವಣಿಗೆ, ಡ್ರಮ್ ಕೇಳಿದರೆ ಕ್ಲಬ್ಬು ನೆನಪಾಗಬಹುದು. ಸರಿ. ಆದರೆ ಚರ್ಚು ಅಮೆರಿಕದ ಹೊರಗೆ ಹೋದಾಗ?

ಘಾನಾದ ಕಥೆ ಇಲ್ಲಿ ಬರುತ್ತದೆ. ಆಫ್ರಿಕ ಮೂಲದ ಗಂಡಸರಿಗೆ 1978ರ ಜೂನ್‌ವರೆಗೆ ಈ ಚರ್ಚಿನಲ್ಲಿ ಯಾಜಕತ್ವ ಕೊಡುತ್ತಿರಲಿಲ್ಲ. ಆದ್ದರಿಂದ ಅಲ್ಲಿಗೆ ಪ್ರಚಾರಕರೂ ಹೋಗುತ್ತಿರಲಿಲ್ಲ. ಆದರೂ ಪುಸ್ತಕ ಓದಿಯೇ ನಂಬಿದವರಿದ್ದರು. ಕೇಪ್ ಕೋಸ್ಟ್‌ನ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ 1964ರಿಂದಲೇ ಸಭೆಗಳನ್ನು ಕಟ್ಟಿಕೊಂಡು, ಒಬ್ಬ ಅಮೆರಿಕದ ಪ್ರಚಾರಕನಾದರೂ ಬರಲಿ ಎಂದು ಹದಿನಾಲ್ಕು ವರ್ಷ ಕಾದರು. ಆ ಸಭೆಗಳಲ್ಲಿ ಡೋಲು ಇತ್ತು, ಚಪ್ಪಾಳೆ ಇತ್ತು, ಕುಣಿತ ಇತ್ತು. 1978ರ ಕೊನೆಗೆ ಪ್ರಚಾರಕರು ಬಂದರು, ನೂರಾರು ಜನಕ್ಕೆ ದೀಕ್ಷಾಸ್ನಾನ ಆಯಿತು. ಅದರ ಜೊತೆಗೇ ಡೋಲು ಹೊರಗೆ ಹೋಯಿತು. ಪಿಯಾನೋ ಕಂಡರಿಯದವರು ಸಾಲ್ಟ್ ಲೇಕಿನ ಹಾಡುಪುಸ್ತಕ ಹಿಡಿದು ನಿಧಾನಗತಿಯ ಹಾಡುಗಳನ್ನು ಕಲಿತರು.

ಕಲಿತವರು ಸಂತೋಷದಿಂದಲೇ ಕಲಿತರು ಎಂದು ವಾದಿಸಬಹುದು, ಅದರಲ್ಲಿ ಸತ್ಯವೂ ಇದೆ. ಎಲ್ಲ ದೇಶದಲ್ಲೂ ಒಂದೇ ಹಾಡು ಕೇಳಿದರೆ ಪರದೇಶದ ಸದಸ್ಯನಿಗೂ ತನ್ನ ಮನೆಯೆನಿಸುತ್ತದೆ. ಆದರೆ ಘಾನಾದವನಿಗೆ ಡೋಲು ಕೇಳಿದರೆ ಕ್ಲಬ್ಬು ನೆನಪಾಗುವುದಿಲ್ಲ. ಹುಟ್ಟು, ಸಾವು, ಹಬ್ಬ, ಊರ ಹಿರಿಯರು ನೆನಪಾಗುತ್ತಾರೆ. ಅಮೆರಿಕದವರ ಕಿವಿಯ ನೆನಪನ್ನು ಆಫ್ರಿಕದ ಕಿವಿಗೂ ನಿಯಮ ಮಾಡಿದ್ದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲೂ ನಾವೂದ ದೇವಾಲಯದಲ್ಲಿ ಪಿಟೀಲಿಗೆ ಕುಣಿದವರ ಮೊಮ್ಮಕ್ಕಳು ಇದನ್ನು ಮಾಡಬಾರದಿತ್ತು. ಶಾಲೆಯ ಸಭೆಗೆ ಯಾವ ಭಾಷೆ 'ತಕ್ಕದ್ದು' ಎಂದು ಬೇರೆಯವರ ಕಿವಿ ತೀರ್ಮಾನಿಸಿದರೆ ಹೇಗಿರುತ್ತದೆಂದು ನಮ್ಮ ಮಕ್ಕಳಿಗೆ ಗೊತ್ತು.

ಚರ್ಚಿನೊಳಗೂ ಈ ಮಾತು ತಟ್ಟಿರಬೇಕು. 2020ರಲ್ಲಿ ಹೊಸ ಸಾಮಾನ್ಯ ಕೈಪಿಡಿ ಬಂದು, ಅದನ್ನು ಹಂತ ಹಂತವಾಗಿ ತಿದ್ದುತ್ತಾ ಬಂದಾಗ ಹಿತ್ತಾಳೆ ಮತ್ತು ಬಡಿಯುವ ವಾದ್ಯಗಳ ಮೇಲಿನ ಆ ವಾಕ್ಯ ಬಿಟ್ಟುಹೋಯಿತು. ಎಲ್ಲಿ ಸಿಗುತ್ತವೆಯೋ, ಎಲ್ಲಿ ನುಡಿಸಬಲ್ಲವರಿದ್ದಾರೋ ಅಲ್ಲಿ ಆರ್ಗನ್ ಮತ್ತು ಪಿಯಾನೋ. ಬೇರೆ ವಾದ್ಯಗಳಿಗೆ ಆಯಾ ಊರಿನ ಬಿಷಪ್ ಮತ್ತು ಅವರ ಇಬ್ಬರು ಸಲಹೆಗಾರರು ಒಪ್ಪಿಗೆ ಕೊಡಬಹುದು. ಇವರ ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ. ವಾರವಿಡೀ ಅಂಗಡಿಯನ್ನೋ ಶಾಲೆಯನ್ನೋ ನೋಡಿಕೊಂಡು ಕೆಲವು ವರ್ಷ ಆ ಜವಾಬ್ದಾರಿ ಹೊರುವ ಊರಿನವನೇ. ತೀರ್ಮಾನ ಊರ ಕಿವಿಗೆ ಬಂತು ಎನ್ನಬಹುದು.

ಹಾಡುಪುಸ್ತಕವೂ ಬದಲಾಗುತ್ತಿದೆ. 341 ಹಾಡುಗಳಿದ್ದ 1985ರ ಪುಸ್ತಕದ ಜಾಗಕ್ಕೆ ಎಲ್ಲ ಭಾಷೆಗಳಿಗೂ ಹೊಂದುವ ಹೊಸದೊಂದನ್ನು ತರುತ್ತೇವೆಂದು 2018ರಲ್ಲಿ ಹೇಳಿ, ಸದಸ್ಯರಿಂದಲೇ ಹಾಡು ಕೇಳಿದರು. ಹದಿನಾರು ಸಾವಿರಕ್ಕೂ ಹೆಚ್ಚು ಹೊಸ ಹಾಡುಗಳು ಬಂದವಂತೆ! 2024ರ ಮೇ ಕೊನೆಗೆ ಮೊದಲ ಕಂತಿನ 13 ಹಾಡುಗಳು ಹೊರಬಂದವು. 'ಅಮೇಜಿಂಗ್ ಗ್ರೇಸ್' ಎಂಬ, ಬೇರೆ ಪ್ರಾಟೆಸ್ಟಂಟರು ಇನ್ನೂರು ವರ್ಷದಿಂದ ಹಾಡುತ್ತಿದ್ದ ಗೀತೆಯೂ ಅವುಗಳಲ್ಲಿತ್ತು.

ಇನ್ನು ಆರ್ಗನ್ನೂ ಇಲ್ಲದ, ಪಿಯಾನೋ ಬಾರಿಸುವವರೂ ಇಲ್ಲದ ಊರುಗಳು ಬೇಕಾದಷ್ಟಿವೆ. ಅಂಥ ಕಡೆ ಧ್ವನಿಮುದ್ರಣ ಹಾಕಿಕೊಂಡು ಹಾಡಲು ಕೈಪಿಡಿಯ ಅನುಮತಿಯಿದೆ. ಅದೂ ಆಗದಿದ್ದರೆ ಸಭೆಯ ಮುಂದೆ ನಿಂತವನು ಕೈ ಆಡಿಸಿ ಲಯ ತೋರಿಸುತ್ತಾನೆ. ಉಳಿದವರು ಕರ್ಟ್‌ಲೆಂಡಿನಲ್ಲಿ ಹಾಡಿದ ಹಾಗೆ ಬರಿಯ ಕಂಠದಲ್ಲೇ ಹಾಡುತ್ತಾರೆ.